ಆಪರೇಷನ್ನಿಗೆ ಮೊದಲು ನುಂಗಿದ ಗುಳಿಗೆ

ವೈದ್ಯರ ಮಾತು ಕೇಳದವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಈ ತಾತ್ಸಾರ ನೌಕರಿಯ ಜೊತೆಗೇ ಬಂದಿರಬೇಕು. ಕಿರಾಣಿ ಅಂಗಡಿಯಲ್ಲಿ ಉಪ್ಪು, ಬೆಲ್ಲದ ಜೊತೆ ನೋವಿನ ಗುಳಿಗೆಯನ್ನೂ ಕಟ್ಟಿಸಿಕೊಂಡು ಹೋಗುವ ಜನ. ತಲೆ ನೋವಿಗೂ ಅದೇ, ಸೊಂಟ ನೋವಿಗೂ ಅದೇ, ಮಗಳು ಗಂಡನ ಮನೆಗೆ ಹೋದ ಬೇಸರಕ್ಕೂ ಅದೇ. ಅವರಲ್ಲೆಲ್ಲ ನನ್ನ ತಿರಸ್ಕಾರಕ್ಕೆ ಹೆಚ್ಚು ಪಾತ್ರನಾದವನು ಹೆಂಡತಿಯ ತಮ್ಮ ಬಸಣ್ಣ. ತುರ್ವಿಹಾಳದಲ್ಲಿ ಅವನದು ಭತ್ತದ ಗದ್ದೆ. ನಾಟಿಯ ದಿನಗಳಲ್ಲಿ ಸೊಂಟ ಹಿಡಿದರೆ ಒಂದು ಗುಳಿಗೆ ನುಂಗಿ ಮತ್ತೆ ಕೆಸರಿಗಿಳಿಯುತ್ತಿದ್ದ. ನಮ್ಮ ಮನೆಗೆ ಬಂದಾಗಲೆಲ್ಲ ಅವನನ್ನು ಎದುರಿಗೆ ಕೂರಿಸಿಕೊಂಡು ಹೊಟ್ಟೆ, ಮೂತ್ರಪಿಂಡ, ರಕ್ತ ಎಂದು ಪಾಠ ಹೇಳುತ್ತಿದ್ದೆ. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕೊನೆಗೆ ಅಕ್ಕನ ಕಡೆ ತಿರುಗಿ ಚಹಾ ಆಯಿತೇ ಎಂದು ವಿಚಾರಿಸುತ್ತಿದ್ದ.

ಹೀಗಿರುವಾಗ ನನಗೆ ಹರ್ನಿಯಾ ಆಯಿತು. ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಕರಿಹಲಗೆಯ ಮುಂದೆ ಅರ್ಧ ತಾಸು ನಿಂತರೆ ಜೀವ ಹಿಂಡುವ ನೋವು. ಸಿಂಧನೂರಿನ ಸರ್ಜನ್ ಒಬ್ಬರು ಪರೀಕ್ಷಿಸಿ, ಎರಡು ವಾರ ಬಿಟ್ಟು ಆಪರೇಷನ್ ಎಂದರು. ಅಲ್ಲಿಯವರೆಗೆ ಆಸ್ಪಿರಿನ್ ಜಾತಿಯ ಗುಳಿಗೆ ಮುಟ್ಟಬಾರದು, ಮುಟ್ಟಿದರೆ ಕೊಯ್ದಾಗ ರಕ್ತ ಬೇಗ ನಿಲ್ಲುವುದಿಲ್ಲ, ನೋವು ಹೆಚ್ಚಾದರೆ ನನ್ನ ಹತ್ತಿರ ಬನ್ನಿ, ತಕ್ಕದ್ದನ್ನು ಕೊಡುತ್ತೇನೆ ಎಂದು ಬಿಡಿಸಿ ಹೇಳಿದರು. ನಾನು ತಲೆಯಾಡಿಸಿ, ರಕ್ತ ಹೆಪ್ಪುಗಟ್ಟುವ ಬಗೆಯನ್ನು ಅವರಿಗೇ ಒಂದಿಷ್ಟು ವಿವರಿಸಿ ಬಂದೆ.

ಮೂರನೆಯ ದಿನಕ್ಕೇ ನನ್ನ ವಿಜ್ಞಾನ ಕೈಕೊಟ್ಟಿತು. ಸಿಂಧನೂರಿಗೆ ಮತ್ತೆ ಹೋಗಿ 'ತಾಳಲಾರೆ' ಎನ್ನಲು ನಾಚಿಕೆ. ಮಸ್ಕಿಯಲ್ಲಿ ಗುಳಿಗೆ ಕೊಂಡರೆ ಹುಡುಗರ ತಂದೆಯರು ಕಂಡಾರು. ಕಚೇರಿ ಕೆಲಸದ ನೆಪ ಹೇಳಿ ಲಿಂಗಸುಗೂರಿಗೆ ಹೋಗಿ, ಬೇಡವೆಂದಿದ್ದ ಆ ಆಸ್ಪಿರಿನ್ನನ್ನೇ ಕೊಂಡು ತಂದೆ. ದಿನಕ್ಕೆರಡು ನುಂಗುತ್ತಾ, ಬಸಣ್ಣನದು ಚಟ, ನನ್ನದು ಚಿಕಿತ್ಸೆ ಎಂದು ಸಮಾಧಾನ ಹೇಳಿಕೊಂಡೆ. ಓದಿದವನಿಗೆ ಇಂಥ ವ್ಯತ್ಯಾಸಗಳು ಬೇಗ ಹೊಳೆಯುತ್ತವೆ.

ಆಪರೇಷನ್ನಿನ ದಿನ ಜೊತೆಗೆ ಬರಲು ಬಸಣ್ಣ ಹಿಂದಿನ ದಿನವೇ ನಮ್ಮ ಮನೆಗೆ ಬಂದಿದ್ದ. ಬೆಳಿಗ್ಗೆ ಹಿತ್ತಲಲ್ಲಿ ನಾನು ಆ ದಿನದ ಎರಡೂ ಗುಳಿಗೆ ಬಾಯಿಗೆ ಹಾಕಿಕೊಳ್ಳುವುದನ್ನು ಹಲ್ಲುಜ್ಜುತ್ತಾ ನೋಡಿ, ಬಾಯಿ ಮುಕ್ಕಳಿಸಿ ಒಳಗೆ ಹೋದ. ಸಿಂಧನೂರಿನಲ್ಲಿ ನನಗೆ ಹಸಿರು ಅಂಗಿ ತೊಡಿಸಿ ಮಲಗಿಸಿದರು. ಡಾಕ್ಟರು ಬಂದು ಈ ಎರಡು ವಾರದಲ್ಲಿ ಏನಾದರೂ ಗುಳಿಗೆ ತೆಗೆದುಕೊಂಡಿದ್ದೀರಾ ಎಂದು ಕೇಳಿದರು. ಪಕ್ಕದಲ್ಲಿ ನರ್ಸ್ ನಿಂತಿದ್ದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಇಲ್ಲವೇ ಇಲ್ಲ ಎಂದುಬಿಟ್ಟೆ.

ಬಾಗಿಲ ಬಳಿ ನಿಂತಿದ್ದ ಬಸಣ್ಣ ಒಳಗೆ ಬಂದ.

"ಡಾಕ್ಟ್ರ, ಮಾವ ಸುಳ್ಳ ಹೇಳಾಕತ್ತಾರ. ಇವತ್ತ ಮುಂಜಾನಿನೂ ಎರಡು ನುಂಗ್ಯಾರ. ನಮ್ಮಕ್ಕಗ ಇವರೊಬ್ಬರ ಅದಾರ್ರಿ, ಅದಕ್ಕ ಹೇಳಾಕತ್ತೀನಿ."

ಡಾಕ್ಟರು ಕೈಗವಸು ಬಿಚ್ಚಿದರು. "ಮಾಸ್ತರ್, ರಕ್ತ ನಿಲ್ಲಲಿಲ್ಲಂದ್ರ ನಾ ಯಾರನ್ನ ಕೇಳಬೇಕಿತ್ತು?" ಎಂದರು. ಹಳೆಯ ವಿದ್ಯಾರ್ಥಿನಿ ಮುಖ ತಿರುಗಿಸಿಕೊಂಡು ಕತ್ತರಿಗಳನ್ನು ಜೋಡಿಸತೊಡಗಿದಳು.

ಆಪರೇಷನ್ ಎರಡು ವಾರ ಮುಂದಕ್ಕೆ ಹೋಯಿತು. ಮರಳಿ ಬರುವ ಬಸ್ಸಿನಲ್ಲಿ ಬಸಣ್ಣನ ಮೇಲಿನ ಸಿಟ್ಟಿನಿಂದ ನಾನು ಒಂದು ಮಾತೂ ಆಡಲಿಲ್ಲ. ಅವನೂ ನನಗೆ ಮೂತ್ರಪಿಂಡದ ಪಾಠ ಹೇಳಲಿಲ್ಲ. ನಾನಾಗಿದ್ದರೆ ಮಸ್ಕಿ ಬರುವವರೆಗೆ ಹೇಳುತ್ತಿದ್ದೆ. ಆ ಎರಡು ವಾರ, ಡಾಕ್ಟರು ಕೊಟ್ಟ ಬೇರೆ ಗುಳಿಗೆಯನ್ನು ಹೆಂಡತಿಯೇ ಹೊತ್ತು ನೋಡಿ ಕೊಡುತ್ತಿದ್ದಳು.

ಎರಡನೆಯ ಸಲ ಹೋದಾಗ ಮತ್ತೆ ಅದೇ ಹಸಿರು ಅಂಗಿ. ಡಾಕ್ಟರು ಬಂದರು. ಉತ್ತರ ಹೇಳಲು ನಾನು ಗಂಟಲು ಸರಿಮಾಡಿಕೊಂಡೆ. ಅವರು ನನ್ನನ್ನು ದಾಟಿ ಬಾಗಿಲ ಕಡೆ ನೋಡಿ, "ಏನ್ ಬಸಣ್ಣ, ಈ ಸಲ ಕೊಯ್ಯಬಹುದೇನು?" ಎಂದು ಕೇಳಿದರು.