ಅಲ್ಲಾಳಸಂದ್ರದಲ್ಲಿ ಒಲಿಂಪಸ್

ಮಹಾಪರ್ವತಗಳ ಮುಂದೆ ನಿಂತಾಗ ಮನುಷ್ಯನಿಗೆ ತನ್ನ ಅಲ್ಪತನದ ಅರಿವಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಗ್ರೀಸ್ ದೇಶದ ಪರ್ವತಗಳ ಮುಂದೆ ನಿಂತಾಗ ನನಗೆ ಅರಿವಾದದ್ದು ನನ್ನ ಬೂಟು ಒಂದು ಸೈಜು ಚಿಕ್ಕದು ಎಂಬುದು. ಅಲ್ಪತನದ ಅರಿವು ಆಮೇಲೆ ಬಂತು. ಅದೂ ಪರ್ವತದ ಮುಂದಲ್ಲ, ನಮ್ಮ ಮನೆಯ ನಡುಮನೆಯಲ್ಲಿ, ನವರಾತ್ರಿಯ ಗೊಂಬೆಗಳ ಮುಂದೆ.

ಅಲ್ಲಾಳಸಂದ್ರ ಕೆರೆಯ ಸುತ್ತ ಬೆಳಿಗ್ಗೆ ನಡೆಯುವ ನಿವೃತ್ತರ ಗುಂಪೊಂದಿದೆ. ಒಂದೇ ಕೆರೆಯನ್ನು ಎಷ್ಟು ವರ್ಷ ಪ್ರದಕ್ಷಿಣೆ ಹಾಕುವುದು ಎಂದು ಎಲ್ಲರಿಗೂ ಒಮ್ಮೆಲೇ ವೈರಾಗ್ಯ ಬಂದು, ಕಳೆದ ಬೇಸಿಗೆಯಲ್ಲಿ ಸಪತ್ನೀಕರಾಗಿ, ಪುಳಿಯೋಗರೆ ಗೊಜ್ಜಿನ ಡಬ್ಬಿಗಳ ಸಮೇತ, ಗ್ರೀಸಿಗೆ ಹೊರಟೆವು. ಪ್ರವಾಸದವನು ತೋರಿಸಿದ ಚಿತ್ರಗಳಲ್ಲಿ ಇದ್ದದ್ದು ಸಮುದ್ರ, ಬಿಳಿ ಮನೆ, ನೀಲಿ ಗುಮ್ಮಟ, ಅಷ್ಟೇ. ಬೆಟ್ಟದ ವಿಷಯವನ್ನು ಅವನು ಎತ್ತಲೇ ಇಲ್ಲ. ಅಥೆನ್ಸ್ ದಾಟಿದ ಮೇಲೆ ನಮ್ಮ ಬಸ್ಸು ಏರತೊಡಗಿತು, ಏರಿದ್ದು ಇಳಿಯಿತು, ಇಳಿದದ್ದು ಇನ್ನೊಂದು ಬೆಟ್ಟದ ಪಕ್ಕೆಗೆ ತಗುಲಿಕೊಂಡು ಮತ್ತೆ ಏರಿತು. ಎಡಗಡೆ ಮೋಡ, ಬಲಗಡೆ ಪ್ರಪಾತ, ಪ್ರಪಾತದ ತಳದಲ್ಲಿ ಎಲ್ಲಿಂದಲೋ ನುಗ್ಗಿ ಬಂದ ಸಮುದ್ರದ ಒಂದು ತುಂಡು. ಕಡಿದಾದ ಇಳಿಜಾರಿನಲ್ಲಿ ಗೋಡೆಗೆ ಹಲ್ಲಿ ಅಂಟಿಕೊಂಡ ಹಾಗೆ ಊರುಗಳು. ಇಷ್ಟು ಚಿಕ್ಕ ದೇಶದಲ್ಲಿ ಇಷ್ಟು ಬೆಟ್ಟಗಳನ್ನು ತುಂಬಿದವನು ಸೂಟ್‌ಕೇಸು ತುಂಬುವುದರಲ್ಲಿ ನಿಪುಣನಿರಬೇಕು ಎಂದು ಬೆರಗಾದೆ. ನಮಗೆ ಊರು ತೋರಿಸುತ್ತಿದ್ದ ಹುಡುಗಿ, ದೇಶದ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಬೆಟ್ಟಗುಡ್ಡವೇ ಎಂದಳು. ನನ್ನ ಹೆಂಡತಿ ಸರೋಜ ಕಿಟಕಿಯಿಂದ ಕಣ್ಣು ಕೀಳದೆ ಕೇಳಿದಳು:

“ಅಲ್ರೀ, ಇಲ್ಲಿ ಥರ್ಟಿ ಫಾರ್ಟಿ ಸೈಟು ಹೆಂಗ್ರೀ ಅಳೀತಾರೆ? ಒಂದ್ ಮೂಲೆ ಮೋಡದಲ್ಲಿರುತ್ತೆ, ಇನ್ನೊಂದ್ ಮೂಲೆ ನೀರಲ್ಲಿರುತ್ತೆ.”

ಆ ಹುಡುಗಿಗೆ ಇದನ್ನು ಅನುವಾದಿಸಿ ಕೇಳುವ ಧೈರ್ಯ ನನಗಾಗಲಿಲ್ಲ.

ಇಲ್ಲಿ ನಮ್ಮ ಊರಿನ ಪರವಾಗಿ ಒಂದು ಮಾತು ಹೇಳಬೇಕು. ನಮ್ಮ ಯಲಹಂಕದ ಸೀಮೆ ಸಮುದ್ರಮಟ್ಟದಿಂದ ಒಂಬೈನೂರು ಮೀಟರಿನ ಆಸುಪಾಸಿನಲ್ಲಿದೆ. ಅಥೆನ್ಸಿನಲ್ಲಿ ನಾವು ಏದುಸಿರು ಬಿಡುತ್ತ ಹತ್ತಿ, ನೆತ್ತಿಯ ಮೇಲೆ ನಿಂತು ಜಗತ್ತನ್ನೇ ಗೆದ್ದವರಂತೆ ಫೋಟೋ ಹೊಡೆಸಿಕೊಂಡ ಆಕ್ರೊಪೊಲಿಸ್ ಗುಡ್ಡದ ಎತ್ತರ ನೂರೈವತ್ತು ಮೀಟರು. ಅಂದರೆ ಅದರ ನೆತ್ತಿ ನಮ್ಮ ಹೆಬ್ಬಾಳ ಕೆರೆಯ ಹೂಳಿಗಿಂತ ಎಷ್ಟೋ ಕೆಳಗೆ. ಹೀಗೆ ನೋಡಿದರೆ ನಾವು ಹುಟ್ಟಿನಿಂದಲೇ ಎತ್ತರದವರು. ಆದರೆ ನಮ್ಮ ಎತ್ತರಕ್ಕೆ ಏರಿಳಿತವಿಲ್ಲ. ಇಡೀ ಊರನ್ನು ಯಾರೋ ಒಂದು ಮೇಜಿನ ಮೇಲೆ ಇಟ್ಟು ಮರೆತು ಹೋಗಿದ್ದಾರೆ. ನಮಗೆ ಗೊತ್ತಿರುವ ಏರು ಒಂದೇ, ಹೆಬ್ಬಾಳದ ಫ್ಲೈಓವರು. ಅದನ್ನೂ ಸಂಜೆಯ ಹೊತ್ತಿನಲ್ಲಿ ನಾವು ಏರುವುದಿಲ್ಲ, ಅದರ ಮೇಲೆ ವಾಸ ಮಾಡುತ್ತೇವೆ.

ಗ್ರೀಸಿನಲ್ಲಿ ಮೆಟಿಯೋರಾ ಎಂಬ ಜಾಗವಿದೆ. ಒನಕೆಗಳನ್ನು ನೆಟ್ಟ ಹಾಗೆ ನಿಂತ ಬಂಡೆಗಳು, ಒಂದೊಂದು ಬಂಡೆಯ ತುದಿಯಲ್ಲಿ ಒಂದೊಂದು ಮಠ. ಸರೋಜ ಅಲ್ಲಿನ ಮೆಟ್ಟಿಲುಗಳನ್ನು ಹರಕೆ ಹೊತ್ತವಳಂತೆ ಹತ್ತಿ ಇಳಿದಳು. ಇಳಿಯುವಾಗ ಅವಳ ಎರಡು ಮಂಡಿಗಳೂ ಏಕಕಾಲಕ್ಕೆ ರಾಜೀನಾಮೆ ಕೊಟ್ಟವು. ಈ ಕತೆಗೆ ಮೂಲವೇ ಆ ಮಂಡಿಗಳು. ಏಕೆಂದರೆ ನಮ್ಮ ಮನೆಯಲ್ಲಿ ದಸರೆಗೆ ಗೊಂಬೆ ಕೂರಿಸುತ್ತೇವೆ. ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆ ಮೊದಲಾದ ಗಣ್ಯರಿರುತ್ತಾರೆ. ಕೆಳಗೆ ಒಂದು ಮೂಲೆಯಲ್ಲಿ ಮಣ್ಣಿನ ಗುಡ್ಡ. ಅದರ ಮೇಲೆ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಹಸಿರು ಪೈರು. ಗುಡ್ಡದ ನೆತ್ತಿಯಲ್ಲಿ ಸರೋಜಳ ತವರಿನಿಂದ ಬಂದ ಶಿವಪಾರ್ವತಿಯರ ಮಣ್ಣಿನ ಗೊಂಬೆ. ಮದುವೆಯಾದಾಗಿನಿಂದ ಆ ಗುಡ್ಡವನ್ನು ಅವಳೇ ಕೂತು ಕಟ್ಟುತ್ತಿದ್ದಳು. ಈ ವರ್ಷ ನೆಲಕ್ಕೆ ಕೂರುವಂತಿರಲಿಲ್ಲ. ಹೀಗಾಗಿ ಗುಡ್ಡ ನನ್ನ ಪಾಲಿಗೆ ಬಂತು.

“ನೋಡಿ, ಸಪ್ತಮಿ ದಿನ ಅಕ್ಕ ಬರ್ತಾಳೆ. ಹೋದ ವರ್ಷ ‘ಯಾಕೇ, ಗುಡ್ಡ ಕುಗ್ಗಿದೆ’ ಅಂದ್ಲು. ಈ ಸಲ ಆ ಮಾತು ಬರ್ಬಾರ್ದು” ಎಂದು ಸರೋಜ ಎಚ್ಚರಿಸಿದಳು. ಅಕ್ಕ ಎಂದರೆ ಆರ್.ಟಿ. ನಗರದ ಕಮಲಕ್ಕ. ಆಕೆಯ ಮನೆಯಲ್ಲೂ ಗೊಂಬೆ ಕೂರಿಸುತ್ತಾರೆ. ಅಕ್ಕತಂಗಿಯರು ವರ್ಷವಿಡೀ ಪ್ರಾಣಕ್ಕೆ ಪ್ರಾಣ. ಈ ಒಂಬತ್ತು ದಿನ ಮಾತ್ರ ಎರಡು ದೇಶಗಳು.

ನಾನು ಗಂಭೀರವಾಗಿ ತಲೆಯಾಡಿಸಿದೆ. ಮನಸ್ಸಿನಲ್ಲಿ ಆಗಲೇ ನಿರ್ಧಾರವಾಗಿತ್ತು: ಈ ವರ್ಷದ ಗುಡ್ಡ ಯಾವುದೋ ಒಂದು ಗುಡ್ಡವಾಗಬಾರದು, ಅದು ಸಾಕ್ಷಾತ್ ಗ್ರೀಸ್ ಆಗಬೇಕು. ನಾನು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳ ಅಳತೆ ಪರೀಕ್ಷಿಸುವ ವಿಭಾಗದಲ್ಲಿ ಕೂದಲು ನರೆಸಿಕೊಂಡವನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲನ್ನು ಹಿಂದಕ್ಕೆ ಕಳಿಸಿ, ಕ್ಯಾಂಟೀನಿನಲ್ಲಿ ಒಂಟಿಯಾಗಿ ಊಟ ಮಾಡಿದವನು. ಅಂಥವನು ಒಂದು ದೇಶ ಕಟ್ಟಿದರೆ ಅದು ಅಳತೆಗೆ ಸರಿಯಾಗಿಯೇ ಇರಬೇಕಲ್ಲವೆ? ನಾಲ್ಕಡಿಯ ಪ್ಲೈವುಡ್ ಹಲಗೆ ತಂದೆ. ಅದರ ಮೇಲೆ ಕರಾವಳಿಯನ್ನು ಪೆನ್ಸಿಲಿನಲ್ಲಿ ಗುರುತಿಸಿದೆ. ಸಮುದ್ರಕ್ಕೆ ನೀಲಿ ರಂಗೋಲಿ ಪುಡಿ. ಆಮೇಲೆ ಎತ್ತರದ ಲೆಕ್ಕಕ್ಕೆ ಕೂತೆ.

ಉದ್ದಗಲಕ್ಕೆ ಯಾವ ಅಳತೆಯೋ ಎತ್ತರಕ್ಕೂ ಅದೇ ಅಳತೆ, ಇದು ನ್ಯಾಯ. ಉತ್ತರದ ಗಡಿಯಿಂದ ಕ್ರೀಟ್ ದ್ವೀಪದವರೆಗಿನ ದೇಶ ನಾಲ್ಕಡಿಗೆ ಇಳಿದರೆ, ಮೂರು ಕಿಲೋಮೀಟರಿಗೆ ಸ್ವಲ್ಪವೇ ಕಡಿಮೆ ಎತ್ತರದ ಒಲಿಂಪಸ್ ಪರ್ವತ, ಗ್ರೀಕರ ದೇವತೆಗಳೆಲ್ಲ ವಾಸವಾಗಿದ್ದ ಆ ಮಹಾಶಿಖರ, ಐದು ಮಿಲಿಮೀಟರಿಗೆ ಇಳಿಯಿತು. ಲೆಕ್ಕ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಐದೇ. ನನ್ನ ಮೊಬೈಲು ಅದಕ್ಕಿಂತ ದಪ್ಪವಿದೆ. ನನಗೆ ನಿರಾಸೆಯಾಗಲಿಲ್ಲ, ಮೈ ಜುಮ್ಮೆಂದಿತು. ಬಸ್ಸಿಗೆ ಅಳು ಬರಿಸಿದ, ಮಂಡಿಗಳನ್ನು ಮುರಿದ ಆ ಬೆಟ್ಟಗಳೆಲ್ಲ ಭೂಮಿಯ ಮೈಮೇಲೆ ಎದ್ದ ಬೆವರುಸಾಲೆ ಮಾತ್ರ! ಈ ಸತ್ಯವನ್ನು ಕಮಲಕ್ಕನೂ ತಿಳಿಯಲಿ ಎಂದು ಐದು ಮಿಲಿಮೀಟರನ್ನೇ ಶ್ರದ್ಧೆಯಿಂದ ಕಟ್ಟಿದೆ.

ಮಣ್ಣು ತಂದುಕೊಟ್ಟದ್ದು ಮುನಿರಾಜಣ್ಣ. ಜಕ್ಕೂರಿನ ಹಳೇ ಊರಿನವನು, ಕಾರ್ಖಾನೆಯಲ್ಲಿ ನನ್ನ ಜೊತೆಯವನು. ತನ್ನ ಹಿತ್ತಲಿನ ಕೆಮ್ಮಣ್ಣನ್ನು ಮೂಟೆಗಟ್ಟಲೆ ತಂದಿದ್ದ. ಎರಡು ದಿನ ಬಿಟ್ಟು ಬಂದು ನೋಡಿದ.

“ಏನ್ ಗುರು, ನೆಲ ಸಾರ್ಸಿದ್ದೀಯಾ? ಗುಡ್ಡ ಯಾವಾಗ ಸುರು?”

“ಇದೇ ಗುಡ್ಡ.”

ಅವನು ಬಗ್ಗಿ, ಕೆನ್ನೆಯನ್ನು ಹಲಗೆಯ ಮಟ್ಟಕ್ಕೆ ತಂದು ನೋಡಿದ. “ಇಂಗಿದ್ರೆ ಎಂಗಪ್ಪಾ? ಇರುವೆ ಕೂಡ ಏದುಸ್ರು ಬಿಡದೆ ಅತ್ತೋಯ್ತದೆ.”

ನಾನು ಅವನಿಗೆ ಅಳತೆಯ ತತ್ತ್ವ ವಿವರಿಸಿದೆ. ಅವನು ಮಿಕ್ಕ ಮೂಟೆಗಳನ್ನು ನೋಡಿ ನಿಟ್ಟುಸಿರು ಬಿಟ್ಟು, ಕಾಫಿ ಕುಡಿದು ಹೋದ.

ಇಷ್ಟರಲ್ಲೇ ನಿಂತಿದ್ದರೆ ಮಾನ ಉಳಿಯುತ್ತಿತ್ತೇನೋ. ಆದರೆ ನಾನು ಮನೆಯ ವಾಡಿಕೆಯಂತೆ ಇಡೀ ಗ್ರೀಸಿನ ಮೇಲೆ ರಾಗಿ ಚೆಲ್ಲಿದ್ದೆ. ರಾಗಿಗೆ ಅಳತೆಯ ತತ್ತ್ವ ತಿಳಿಯದು. ಹಬ್ಬದ ಮೊದಲ ದಿನಗಳಲ್ಲೇ ಅದು ಮೂರು ಬೆರಳು ಎದ್ದು ನಿಂತಿತು. ಲೆಕ್ಕದ ಪ್ರಕಾರ ಒಂದೊಂದು ಪೈರೂ ಒಲಿಂಪಸ್ಸಿನ ಹತ್ತು ಪಟ್ಟು. ದೇಶವೇ ಮುಳುಗಿ ಹೋಯಿತು. ನಡುವೆ ಎದೆಮಟ್ಟದ ಬೆಳೆಯಲ್ಲಿ ಶಿವಪಾರ್ವತಿಯರು ದಾರಿ ತಪ್ಪಿದವರಂತೆ ಕೂತಿದ್ದರು.

ಸಪ್ತಮಿಯ ಬೆಳಿಗ್ಗೆ ಸರೋಜ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಂದು ಕೂತಳು. ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು. ಅವಳು ಬೈಯಲಿಲ್ಲ.

“ನಮ್ಮಮ್ಮನ ಕಾಲದಿಂದ್ಲೂ ಶಿವ ಮೇಲೆ ಕೂತಿರ್ತಿದ್ದ ಕಣ್ರೀ. ಈ ವರ್ಷ ಹೊಲದಲ್ಲಿ ಕಳೆ ಕೀಳೋಕೆ ಕೂತಂಗಿದ್ದಾನೆ” ಎಂದಳು. “ಅಕ್ಕ ನಾಕ್ ಗಂಟೆಗೆ ಬರ್ತಾಳೆ. ನಾನೇ ಕೂರೋ ಹಾಗಿದ್ದಿದ್ರೆ ನಿಮಗ್ಯಾಕೆ ಕೊಡ್ತಿದ್ದೆ ಹೇಳಿ.”

ನನ್ನ ವೃತ್ತಿಜೀವನದಲ್ಲಿ ಎಂಥೆಂಥ ಅಧಿಕಾರಿಗಳ ಒತ್ತಡಕ್ಕೂ ನಾನು ಅಳತೆ ಬಿಟ್ಟವನಲ್ಲ. ಆ ಎರಡು ಮಂಡಿಗಳ ಮುಂದೆ ಬಿಟ್ಟೆ. ಮುನಿರಾಜಣ್ಣನಿಗೆ ಫೋನು ಮಾಡಿದೆ. “ನಂಗೊತ್ತಿತ್ತು, ಅದ್ಕೇ ಮೂಟೆ ವಾಪಸ್ ತಗಂಡೋಗ್ಲಿಲ್ಲ” ಎನ್ನುತ್ತ ಬಂದ. ಇಬ್ಬರೂ ಪಂಚೆ ಎತ್ತಿ ಕಟ್ಟಿ ಗ್ರೀಸನ್ನು ಎತ್ತತೊಡಗಿದೆವು. ಎಲ್ಲಿ ಎಷ್ಟು ಎತ್ತಬೇಕೆಂದು ನಾನು ನಕ್ಷೆ ಬಿಡಿಸಿಕೊಂಡರೆ, ಸರೋಜ ಕುರ್ಚಿಯಿಂದಲೇ ಕೈ ಚಾಚಿದಳು.

“ಅಲ್ಲಲ್ಲ, ಆ ಪಿಂಡಸ್ ಬೆಟ್ಟದ ಸಾಲು ಇಷ್ಟು ನೇರ ಇರ್ಲಿಲ್ಲ. ಅಲ್ಲಿ ಬಸ್ಸು ಹಿಂಗ್ ತಿರುಗ್ದಾಗ ನಂಗೆ ಹೊಟ್ಟೆ ತೊಳಸ್ತು. ಇನ್ನೊಂದ್ ತಿರುವಲ್ಲಿ ನಿಂಬೆಹಣ್ಣು ಕೇಳಿದ್ದೆ, ಮರೆತ್ರಾ? ಅಲ್ಲಿ ಸ್ವಲ್ಪ ತಗ್ಗು ಮಾಡಿ. ಮುನಿರಾಜಣ್ಣ, ಮೆಟಿಯೋರಾ ಇನ್ನೂ ನೆಟ್ಟಗೆ ಬರ್ಲಿ. ಇನ್ನೂ. ಹಾಂ, ಈಗ ನೋವು ಬಂತು, ಸರಿಯಾಗಿದೆ.”

“ಅಕ್ಕಾ, ನೀವ್ ದೇಸ ನೋಡ್ಕಂಡ್ ಬಂದ್ರೋ, ನೋವ್ ನೋಡ್ಕಂಡ್ ಬಂದ್ರೋ?” ಎಂದ ಮುನಿರಾಜಣ್ಣ.

“ಎರಡೂ ಒಂದೇ ಟಿಕೆಟ್ಟಿಗೆ ಕಣಪ್ಪಾ.”

ನಾನು ನಕ್ಷೆ ಮಡಚಿಟ್ಟೆ. ಇಡೀ ಪ್ರವಾಸದಲ್ಲಿ ನಾನು ಬೆಟ್ಟಗಳ ಎತ್ತರವನ್ನು ಬಾಯಿಪಾಠ ಮಾಡುತ್ತಿದ್ದೆ. ಇವಳು ದೇಶದ ಒಂದೊಂದು ಉಬ್ಬುತಗ್ಗನ್ನೂ ಹೊಟ್ಟೆಯಲ್ಲಿ, ಮಂಡಿಯಲ್ಲಿ ತುಂಬಿಕೊಂಡು ಬಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ಒಲಿಂಪಸ್ ನನ್ನ ಮಂಡಿಯೆತ್ತರಕ್ಕೆ ಬಂತು. ಮಣ್ಣು ಪೇರಿಸಿದ ಕಡೆ ರಾಗಿ ಮುಚ್ಚಿಹೋಗಿ ಬೆಟ್ಟಗಳೆಲ್ಲ ಬೋಳು ಬೋಳು. ನಡುವಿನ ಬಯಲಿನಲ್ಲಿ ಮಾತ್ರ ಹಸಿರು ಉಳಿಯಿತು. ಬಸ್ಸಿನ ಕಿಟಕಿಯಿಂದ ಕಂಡದ್ದೂ ಇದೇ: ಒರಟು ಕಲ್ಲಿನ ಬೆಟ್ಟ, ಬುಡದಲ್ಲಿ ಅಂಗೈಯಷ್ಟು ಬೆಳೆ, ಆಚೆಗೆ ನೀಲಿ. ಅಳತೆ ಪೂರ್ತಿ ಸುಳ್ಳಾದ ಮೇಲೆ ದೇಶ ಥೇಟ್ ಹಾಗೇ ಕಾಣತೊಡಗಿತು. ಸರೋಜ ಕುರ್ಚಿಯಿಂದ ಎದ್ದು ಬಂದು, ಮಂಡಿ ಮಡಿಸದೆಯೇ, ನಿಂತಲ್ಲಿಂದಲೇ ಶಿವಪಾರ್ವತಿಯರನ್ನು ಒಲಿಂಪಸ್ಸಿನ ನೆತ್ತಿಯ ಮೇಲಿಟ್ಟಳು.

ಕಮಲಕ್ಕ ನಾಲ್ಕಕ್ಕೆ ಬಂದರು. ಪಟ್ಟದ ಗೊಂಬೆಗೆ ಕೈ ಮುಗಿದು ಮೂಲೆಗೆ ತಿರುಗಿದವರು ಗುಡ್ಡದ ಹತ್ತಿರಕ್ಕೇ ಹೋಗಿ ಬಗ್ಗಿ ನೋಡಿದರು.

“ಏನೇ ಸರೋಜಾ ಇದು! ಎಷ್ಟು ಬೆಟ್ಟ, ಎಷ್ಟು ಕಣಿವೆ! ನಿಮ್ಮೆಜಮಾನ್ರು ಮಾಡಿದ್ದಾ? ಸಾಕ್ಷಾತ್ ಕೈಲಾಸ ಕಣೇ!” ಎಂದು ಕೆನ್ನೆ ತಟ್ಟಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಕೈಲಾಸ ತಾನೇ ಇದು?” ಎಂದು ಖಚಿತಪಡಿಸಿಕೊಳ್ಳಲು ಕೇಳಿದರು.

ನನ್ನ ನಾಲಿಗೆಯ ತುದಿಯಲ್ಲಿ ಇಡೀ ಬಾಲ್ಕನ್ ಪರ್ಯಾಯದ್ವೀಪ ಬಂದು ನಿಂತಿತ್ತು. ಸರೋಜ ನನ್ನನ್ನು ನೋಡಿದಳು. ಮುನಿರಾಜಣ್ಣ ಸೂರು ನೋಡಿದ.

“ಹೌದು ಕಮಲಕ್ಕ, ಕೈಲಾಸವೇ” ಎಂದೆ.

ಕಮಲಕ್ಕ ಫೋಟೋ ತೆಗೆದುಕೊಂಡು ಹೋದರು. ವಿಜಯದಶಮಿಯ ಮಾರನೆಯ ದಿನ ಗ್ರೀಸನ್ನು ಒಡೆದು ತಾರಸಿಯ ಮೇಲಿನ ಕುಂಡಗಳಿಗೆ ತುಂಬಿದೆವು. ಒಲಿಂಪಸ್ಸಿನ ಮಣ್ಣಿನಲ್ಲಿ ಕರಿಬೇವು ನೆಟ್ಟಿದ್ದೇವೆ. ಚಿಗುರಿದೆ.