ಅಮೋಘಿಯ ಗೋಣು

ಪಾಠ ತಿಳಿದ ವಿದ್ಯಾರ್ಥಿ ಗೋಣು ಹಾಕುತ್ತಾನೆಂಬುದನ್ನು ವಿಶ್ವವಿದ್ಯಾಲಯವು ೧೯೭೪ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿತು. ವಿಜ್ಞಾನದ ಅಧ್ಯಾಪಕರು ಪರಿಣಾಮಕಾರಿಯಾಗಿಯೂ ಎಲ್ಲರಿಗೂ ಸಮನಾಗಿಯೂ ಕಲಿಸಲೆಂದು ಅವರಿಗೆ ಬೆಂಬಲ ನೀಡಲು ಒಂದು ಸಮಿತಿ ನೇಮಕವಾಗಿತ್ತು. ಬೆಂಬಲವೆಂದರೆ ಪ್ರಯೋಗಾಲಯದ ಸಾಮಾನು ಇರಬಹುದೆಂದು ಕೆಲವರು ಭಾವಿಸಿದರು. ಸಮಿತಿ ಸುತ್ತೋಲೆ ಕಳಿಸಿತು.

"ತರಗತಿಯಲ್ಲಿ ಹಾಕಲಾದ ಗೋಣುಗಳಿಂದ ಬೋಧನೆಯ ಪರಿಣಾಮವನ್ನು ಅಳೆಯತಕ್ಕದ್ದು. ಮುಂದಿನ ಬೆಂಚು, ಹಿಂದಿನ ಬೆಂಚು, ಪಟ್ಟಣ, ಹಳ್ಳಿ ಎಂಬ ಭೇದವಿಲ್ಲದೆ ಎಲ್ಲರೂ ಗೋಣು ಹಾಕಿದಲ್ಲಿ ಮಾತ್ರ ಬೋಧನೆ ಸಮಾನವೆನಿಸುವುದು. ಗೋಣು ಎಡಬಲಕ್ಕೆ ಆಡಿದಲ್ಲಿ ಅದರ ಅರ್ಥವನ್ನು ಉಪಸಮಿತಿ ನಿರ್ಧರಿಸುವುದು."

ವಿಜಾಪುರದ ಗಾಂಧಿ ಚೌಕದ ಹಿಂದಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಗುರುಪಾದಯ್ಯನಿಗೆ ಈ ಸುತ್ತೋಲೆ ಹಿಡಿಸಿತು. ಅವನದು ಇನ್ನೂ ಟೆಂಪರರಿ ನೌಕರಿ. ಸಮಿತಿ ಮೆಚ್ಚಿದರೆ ಕಾಯಂ. ಮೆಚ್ಚದಿದ್ದರೆ ಬಬಲೇಶ್ವರಕ್ಕೆ ಹೋಗಿ ಮಾವನ ಅರಿವೆ ಅಂಗಡಿಯಲ್ಲಿ ಗಜಕಟ್ಟಿಗೆ ಹಿಡಿಯಬೇಕು. ಮಾವ ಆಗಲೇ ಗಾದಿಯ ಮೇಲೆ ಅಳಿಯನಿಗೊಂದು ಜಾಗ ಬಿಟ್ಟು, ದಿನವೂ ಅದರ ಧೂಳು ಝಾಡಿಸುತ್ತಿದ್ದರು.

ಅವನ ತರಗತಿಯಲ್ಲಿ ಗೋಣಿಗೆ ಬರವಿರಲಿಲ್ಲ. ಅವನು ಇಂಗ್ಲಿಷಿನಲ್ಲಿ ಎಂಟ್ರೊಪಿ ಎಂಬ ಉಷ್ಣಶಾಸ್ತ್ರದ ಪಾಠ ಓದತೊಡಗಿದರೆ ಗೋಣುಗಳು ಸಜ್ಜೆಯ ತೆನೆಗಳ ಹಾಗೆ ತೂಗುತ್ತಿದ್ದವು. ಆಡದೆ ನಿಲ್ಲುತ್ತಿದ್ದದ್ದು ಒಂದೇ, ಕೊನೆಯ ಬೆಂಚಿನ ಅಮೋಘಿಯದು. ಕನಮಡಿಯ ಕುರಿ ಕಾಯುವ ಮನೆತನದ ಅಮೋಘಿ, ತಿಳಿಯದ ಮಾತಿಗೆ ಗೋಣು ಹಾಕುತ್ತಿರಲಿಲ್ಲ. ಇಂಥದೊಂದು ಸಂದರ್ಭವನ್ನು ಸುತ್ತೋಲೆ ಊಹಿಸಿರಲಿಲ್ಲ.

ಗುರುಪಾದಯ್ಯ ಅವನನ್ನು ಪಡಸಾಲೆಗೆ ಕರೆದ.

"ಯಾಕಪಾ, ಕುತಿಗಿ ಏನರ ಹಿಡದೈತೇನು?"

"ಇಲ್ರಿ ಸರ. ಎಂಟ್ರೊಪಿ ತಿಳಿವಲ್ದರಿ."

"ಉಳದವ್ರಿಗೆ ತಿಳದೈತಲ್ಲೋ."

"ಅವ್ರನೂ ಕೇಳೀನ್ರಿ. ಪರೀಕ್ಷಾ ಮುಗೀಲಿ, ಹೇಳ್ತೀವಿ ಅಂದಾರ್ರಿ."

"ಸಮಿತಿಯವ್ರು ಬಂದಾಗ ಒಂದ್ ತಾಸು ಸುಮ್ನ ಗೋಣು ಹಾಕಿಬಿಡು. ನನ್ನ ನೌಕರಿ ಐತಿ ಅದರಾಗ."

ಅಮೋಘಿ ಗೋಣನ್ನು ಕೈಯಿಂದ ಹಿಡಿದು ಒಮ್ಮೆ ಬಗ್ಗಿಸಿ ನೋಡಿದ. "ನನಗೇನೂ ಅಡ್ಡಿ ಇಲ್ರಿ ಸರ. ಗೋಣ ಕೇಳವಲ್ದು. ನೀವು ಕನ್ನಡದಾಗ ಒಂದ್ ಸಲ ಹೇಳ್ರಿ, ತಾನ ಹಾಕ್ತೈತಿ."

ಅವನನ್ನು ಸಮಿತಿ ಬರುವ ದಿನ ಊರಿಗೆ ಕಳಿಸಿಬಿಡ್ರಿ ಎಂದು ಜವಾನ ಗೈಬುಸಾಬ ಸೂಚಿಸಿದ. ಆದರೆ ಗೈರುಹಾಜರಾದ ಗೋಣನ್ನು ಹಾಕದ ಗೋಣೆಂದೇ ಎಣಿಸತಕ್ಕದ್ದೆಂದು ನಿಯಮದಲ್ಲಿ ಸ್ಪಷ್ಟವಾಗಿತ್ತು.

ಆ ಸಂಜೆ ತಿಕೋಟಾದ ಮನೆಯಲ್ಲಿ ಗುರುಪಾದಯ್ಯ ಕನ್ನಡದ ಅಭ್ಯಾಸಕ್ಕೆ ಕುಳಿತ. ಎದುರಿಗೆ ಹೆಂಡತಿ ಗುರುಸಿದ್ದವ್ವ ಜೋಳ ಹಸನು ಮಾಡುತ್ತಿದ್ದಳು.

"ಎಂಟ್ರೊಪಿ ಅಂದ್ರ..." ಎಂದ.

"ಅಂದ್ರ?"

"ಅದೊಂದು ಇರ್ತೈತಿ."

"ಎಲ್ಲಿ?"

"ಎಲ್ಲಾ ಕಡೆ."

"ದೇವರೇನ್ರಿ?"

"ಅಲ್ಲ. ಪರೀಕ್ಷಾಕ್ಕ ಬರ್ತೈತಿ."

"ಹಂಗಾರ ದೇವರಲ್ಲ ಬಿಡ್ರಿ," ಎಂದು ಅವಳು ಮೊರದಲ್ಲಿ ಜೋಳ ಕೇರಿದಳು.

ಗೊತ್ತುಪಡಿಸಿದ ದಿನ ಸಮಿತಿ ಬಂತು. ಅಧ್ಯಕ್ಷರು ಬಸಗೊಂಡಪ್ಪನವರು, ನಿವೃತ್ತ ಪ್ರಾಧ್ಯಾಪಕರು. ಜೊತೆಗೆ ಇಬ್ಬರು ಸದಸ್ಯರು. ಮೂವರೂ ಗೋಡೆಗೆ ಒರಗಿ ಕುಳಿತು ಗೋಣು ಎಣಿಸತೊಡಗಿದರು. ಗುರುಪಾದಯ್ಯ ಇಂಗ್ಲಿಷಿನಲ್ಲಿ ಓದಿದ, ತೆನೆಗಳು ತೂಗಿದವು. ಅಧ್ಯಕ್ಷರ ಬೆರಳು ಅಮೋಘಿಯ ಹತ್ತಿರ ಬಂದು ನಿಂತಿತು.

ಗುರುಪಾದಯ್ಯ ಪುಸ್ತಕ ಮುಚ್ಚಿ ಕನ್ನಡಕ್ಕೆ ತಿರುಗಿದ. ಉಷ್ಣವೆಂದ, ಅವ್ಯವಸ್ಥೆಯೆಂದ, ಅಲ್ಲಿಗೆ ಅವನ ಕನ್ನಡ ಮುಗಿಯಿತು. ಕಣ್ಣ ಮುಂದೆ ಗಜಕಟ್ಟಿಗೆ ಬಂತು. ಹೋಗುವುದೇ ಆದರೆ ಹಗುರಾಗಿ ಹೋಗೋಣವೆನಿಸಿತು.

"ಖರೇ ಹೇಳಬೇಕಂದ್ರ, ಎಂಟ್ರೊಪಿ ಅಂದ್ರೇನು ಅನ್ನೂದು ನನಗೂ ತಿಳದಿಲ್ಲಪಾ."

ಅಮೋಘಿಯ ಗೋಣು ನಿಧಾನವಾಗಿ ಮೇಲೆದ್ದು, ಕೆಳಗಿಳಿಯಿತು. ಸಂಶಯಕ್ಕೆ ಎಡೆಯಿಲ್ಲದಂತೆ ಮತ್ತೊಮ್ಮೆ ಇಳಿಯಿತು. ಅದರ ಜೊತೆ ಇಡೀ ತರಗತಿಯ ಗೋಣುಗಳೂ, ಎಣಿಸುವವರ ಮೂರು ಗೋಣುಗಳೂ ಇಳಿದವು.

"ನಾನೂ ಜನ್ಮವೆಲ್ಲಾ ಇದನ್ನ ಕಲಿಸೀನಿ," ಎಂದರು ಬಸಗೊಂಡಪ್ಪನವರು, ಹೊರಗೆ ಚಹಾ ಕುಡಿಯುತ್ತ. "ಇಷ್ಟು ತಿಳಿಯುವಂಗ ಯಾರೂ ಹೇಳಿದ್ದಿಲ್ಲ."

ಗುರುಪಾದಯ್ಯನ ನೌಕರಿ ಕಾಯಂ ಆಯಿತು. ಮುಂದಿನ ಜೂನಿನಲ್ಲಿ ಎರಡನೆಯ ಸುತ್ತೋಲೆ ಬಂತು. "ವಿಜ್ಞಾನದ ಅಧ್ಯಾಪಕರೆಲ್ಲರೂ ಪಾಠದ ಆರಂಭದಲ್ಲಿ 'ಇದು ನನಗೂ ತಿಳಿದಿಲ್ಲ' ಎಂದು ಕನ್ನಡದಲ್ಲಿ ಹೇಳತಕ್ಕದ್ದು. ತಿಳಿದವರು ಸೂಕ್ತ ಕಾರಣ ಕೊಟ್ಟು ವಿನಾಯಿತಿಗೆ ಅರ್ಜಿ ಸಲ್ಲಿಸಬಹುದು."

ರಸಾಯನಶಾಸ್ತ್ರದ ಭಾಗಪ್ಪ ಒಬ್ಬನೇ ಅರ್ಜಿ ಸಲ್ಲಿಸಿದ. ತರಗತಿಯಲ್ಲಿ ಒಬ್ಬರಿಗೆ ಮಾತ್ರ ತಿಳಿದಿರುವುದು ಅಸಮಾನತೆಯಲ್ಲವೇ ಎಂದು ಅವನಿಗೆ ನೋಟೀಸು ಬಂತು. ಅವನು ತನಗೂ ತಿಳಿದಿಲ್ಲವೆಂದು ಬರೆದುಕೊಟ್ಟ.

ಆ ವರ್ಷದ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರೊಬ್ಬರು ಬಂದರು. ಅಮೋಘಿಗೆ ಎಂಟ್ರೊಪಿಯನ್ನೇ ಕೇಳಿದರು. ಗುರುಪಾದಯ್ಯ ಬಾಗಿಲ ಬಳಿ ನಿಂತಿದ್ದ.

"ಸರ್ ಹೇಳಿದ್ದು ಪೂರಾ ತಿಳದೈತ್ರಿ," ಎಂದ ಅಮೋಘಿ.

"ಏನ್ ಹೇಳ್ಯಾರ?"

"ತಮಗೂ ತಿಳದಿಲ್ಲ ಅಂತ್ರಿ."

ಪರೀಕ್ಷಕರು ಗೋಣು ಹಾಕಿ ಪೂರ್ಣ ಅಂಕ ಕೊಟ್ಟರು. ಗೈಬುಸಾಬ ಮುಂದಿನವನ ಹೆಸರು ಕೂಗಿದ. ಮುಂದಿನವನಿಗೂ ಅಷ್ಟೇ ತಿಳಿದಿತ್ತು, ಅವನಿಗೂ ಅಷ್ಟೇ ಅಂಕ ಬಂದವು.