ನಾನು ಲಾರಿ ರಿವರ್ಸ್ ತೆಗೆದ ಕಥೆ

ಲಾರಿ ಓಡಿಸುವುದರಲ್ಲಿ ಏನು ಮಹಾ ಇದೆ? ಹೀಗೆಂದು ನಾನು ಗುಂಡ್ಲುಪೇಟೆಯ ಮಾರುಕಟ್ಟೆಯಲ್ಲಿ, ಈರುಳ್ಳಿ ಮೂಟೆಯ ಮೇಲೆ ಕೂತು, ನಾಲ್ಕು ಜನರ ಮುಂದೆ ಘೋಷಿಸಿಬಿಟ್ಟೆ. ನಮ್ಮ ತರಕಾರಿ ಲಾರಿಯ ಎಡಗಡೆ ಸೀಟಿನಲ್ಲಿ ಕೂತು ಹನ್ನೆರಡು ವರ್ಷ ಕೇರಳಕ್ಕೆ ಹೋಗಿ ಬಂದವನು ನಾನು! ಈಗ ಡ್ರೈವರ್ ಸಿದ್ದಪ್ಪಣ್ಣನಿಗೆ ಕಣ್ಣು ಮಂಜಾಗಿ, ಇನ್ನು ಬರಲಾರೆ ಎಂದಿದ್ದ. ಬೇರೆ ಡ್ರೈವರ್ ಸಿಕ್ಕಿರಲಿಲ್ಲ. ಲಾರಿ ನಿಂತರೆ ನಮ್ಮ ವ್ಯಾಪಾರವೂ ನಿಂತಂತೆ.

"ನಾನೇ ಲೈಸೆನ್ಸ್ ಮಾಡಿಸ್ತೀನಿ ಬುಡಮ್ಮಿ," ಎಂದೆ ಹೆಂಡತಿ ಮಂಗಳಾಗೆ.

"ನಾನೂ ಕಲ್ತ್ಕತೀನಿ ಕಣ್ರೀ. ಒಬ್ರಿಗಾಗ್ನಿಲ್ಲ ಅಂದ್ರೆ ಇನ್ನೊಬ್ರಿಗಾದ್ರೂ ಆಯ್ತದೆ."

ಅವಳು ತವರಿನಲ್ಲಿ ಟ್ರ್ಯಾಕ್ಟರ್ ಓಡಿಸಿದವಳು. ಪಾಪ, ಕಲಿಯಲು ಹೋಗಿಬರುವ ಬಸ್ಸಿನಲ್ಲಿ ಮಾತಿಗಾದರೂ ಆಗುತ್ತಾಳೆ ಎಂದು ಉದಾರ ಮನಸ್ಸಿನಿಂದ ಒಪ್ಪಿಕೊಂಡೆ.

ಕಲಿಕೆಯೆಲ್ಲ ಮುಗಿದು ಪರೀಕ್ಷೆಯ ದಿನ ಬಂತು. ಚಾಮರಾಜನಗರದ ಮೈದಾನ. ಮೊದಲ ಸರದಿ ನನ್ನದು, ಮುಂದಿನದು ಮಂಗಳಾಳದು. ಅವಳು ನನ್ನ ಎಡಗಡೆ ಕೂತಳು. ಲಾರಿಯನ್ನು ಗಂಭೀರವಾಗಿ ಮುಂದಕ್ಕೆ ಓಡಿಸಿ ನಿಲ್ಲಿಸಿದೆ. ಇನ್‌ಸ್ಪೆಕ್ಟರ್ ಸಾಹೇಬರು ಲಾರಿಯ ಹಿಂದೆ, ನೆಟ್ಟ ಕಂಬಗಳ ಆಚೆ ನಿಂತು ಕೂಗಿದರು:

"ಈಗ ರಿವರ್ಸ್!"

ಇಲ್ಲಿ ಓದುಗರಲ್ಲಿ ಒಂದು ವಿಷಯವನ್ನು ಸವಿನಯವಾಗಿ ನಿವೇದಿಸಿಕೊಳ್ಳಬೇಕು. ಹನ್ನೆರಡು ವರ್ಷವೂ ಲಾರಿಯಲ್ಲಿ ನನಗಿದ್ದ ಕೆಲಸ ಒಂದೇ. ಸಿದ್ದಪ್ಪಣ್ಣ "ರಿವರ್ಸ್" ಎಂದ ತಕ್ಷಣ ಬಾಗಿಲು ತೆಗೆದು ಧುಮುಕುವುದು, ಹಿಂದೆ ಓಡುವುದು, "ಬರ್ಲಿ, ಬರ್ಲಿ" ಎಂದು ಕೈ ಆಡಿಸುವುದು, ಸಾಕೆನಿಸಿದಾಗ ಲಾರಿಯ ಹಿಂಬದಿಗೆ ಎರಡು ಸಲ ಬಡಿಯುವುದು.

ಧುಮುಕಿದೆ!

"ಬರ್ಲಿ... ಬರ್ಲಿ... ಇನ್ನೂ ಬರ್ಲಿ..."

ಲಾರಿ ಬಂತು. ಎಷ್ಟು ನೇರವಾಗಿ, ಎಷ್ಟು ನಿಧಾನವಾಗಿ! ಡ್ರೈವರ್ ಯಾರೋ ಕೈ ಪಳಗಿದವನೇ ಇರಬೇಕು ಎಂದುಕೊಂಡೆ.

"ಏನ್ರೀ! ಸ್ಟೀರಿಂಗ್‌ನಲ್ಲಿ ಯಾರ್ರೀ ಇದ್ದಾರೆ?" ಎಂದು ಸಾಹೇಬರು ಕಿರುಚಿದರು.

ಯಾರೂ ಇರಲಿಲ್ಲ. ಇರಬೇಕಾದವನು ನಾನು! ಹ್ಯಾಂಡ್‌ಬ್ರೇಕ್ ಹಾಕಿರಲಿಲ್ಲ, ನೆಲ ಹಿಂದಕ್ಕೆ ಇಳಿಜಾರು. ಗಾಬರಿಯಲ್ಲಿ ಲಾರಿಯ ಹಿಂಬದಿಗೆ ಎರಡಲ್ಲ, ಇಪ್ಪತ್ತು ಸಲ ಬಡಿದೆ. ಅದು ನನ್ನ ಮಾತು ಕೇಳುವ ಲಕ್ಷಣ ಕಾಣಲಿಲ್ಲ. ಒಂದು ಕಂಬ ಮಲಗಿತು. ಸಾಹೇಬರು ಹಾರಿದರು. ಅಷ್ಟರಲ್ಲಿ ಲಾರಿ ಗಕ್ಕನೆ ನಿಂತಿತು. ಮಂಗಳಾ ಪಕ್ಕದ ಸೀಟಿನಿಂದ ಸರಿದು ಬಂದು ಬ್ರೇಕಿನ ಮೇಲೆ ನಿಂತೇಬಿಟ್ಟಿದ್ದಳು!

ಆಮೇಲೆ ಅವಳ ಪರೀಕ್ಷೆ. ಯಾರೂ "ಬರ್ಲಿ" ಎನ್ನದೆಯೇ, ಬರೀ ಕನ್ನಡಿ ನೋಡಿಕೊಂಡು, ಅಷ್ಟು ದೊಡ್ಡ ಲಾರಿಯನ್ನು ಕಂಬಗಳ ನಡುವೆ ಹಿಂದಕ್ಕೆ ತಂದು ನಿಲ್ಲಿಸಿದಳು. ಒಂದು ಕಂಬವೂ ಅಲುಗಲಿಲ್ಲ. ನನಗೆ ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ, ಸ್ವಲ್ಪ ಹೊಟ್ಟೆಯೂ ಉರಿಯಿತು.

"ಇವ್ರು ಪಾಸು," ಎಂದರು ಸಾಹೇಬರು, ಪ್ಯಾಂಟಿನ ಧೂಳು ಕೊಡವುತ್ತ. ಆಮೇಲೆ ನನ್ನ ಕಡೆ ತಿರುಗಿದರು. "ನೀವು ಕೈ ಚೆನ್ನಾಗಿ ಆಡಿಸ್ತೀರಿ."

ಊರಿಗೆ ಮರಳುವ ಬಸ್ಸಿನಲ್ಲಿ ಮಾತಿಗೆ ಅವಳಿದ್ದಳು. ನಾನು ಕಿಟಕಿಯಾಚೆ ಹೋಗುವ ಲಾರಿಗಳನ್ನು ಎಣಿಸುತ್ತಿದ್ದೆ.

"ಬ್ಯಾಸ್ರ ಮಾಡ್ಕಬ್ಯಾಡಿ ಕಣ್ರೀ. ನಮ್ ಯಾಪಾರ ನಿಲ್ನಿಲ್ವಲ್ಲ, ಅಷ್ಟು ಸಾಕು," ಎಂದಳು.

ಈಗ ಬಂಡೀಪುರದ ಕಾಡು ದಾಟಿ ಕೇರಳಕ್ಕೆ ಲಾರಿ ಓಡಿಸುವವಳು ಅವಳೇ. ಮೊದಲ ದಿನ ಕಣ್ಣು ಕಿರಿದು ಮಾಡಿ ನೋಡಿದ ಸಿದ್ದಪ್ಪಣ್ಣ, "ನಂಗಿಂತ ಚೆಂದಾಗಿ ಓಡಿಸ್ತಾಳೆ ಕಣ್ಲಾ," ಎಂದ. ನನ್ನ ಎಡಗಡೆ ಸೀಟು ನನಗೇ ಖಾಯಂ.

ಅಲ್ಲಿಯ ತರಕಾರಿ ಮಂಡಿ ತಲುಪಿದಾಗ ಅವಳು ಹೇಳುತ್ತಾಳೆ: "ಇಳೀರಿ, ಇಂದಕ್ಕೆ ತಗೋಬೇಕು."

ಧುಮುಕುತ್ತೇನೆ. ಆದರೆ ಧುಮುಕುವ ಮೊದಲು, ಸ್ಟೀರಿಂಗ್ ಹಿಂದೆ ಅವಳು ಇದ್ದಾಳೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ!